ಸೇತುವೆಯ ಮೇಲಿನ ಕರು

ಅಂಬಾದಾಸ ಗಕ್ಕನೆ ಬ್ರೇಕು ಒತ್ತಿದಾಗ ಹಿಂದಿನ ಸೀಟಿನಲ್ಲಿದ್ದ ಸಾವಂತ್ರವ್ವನ ಎಲೆಯಡಿಕೆ ಚೀಲ ಕೆಳಗೆ ಉರುಳಿತು. ಎದುರಿಗೆ, ಒಂದೇ ಕಾರು ಹಿಡಿಯುವಷ್ಟು ಅಗಲದ ಸೇತುವೆಯ ಮೇಲೆ, ಬೆಳೆದ ಎಮ್ಮೆಗರುವೊಂದು ಸತ್ತು ಅಡ್ಡ ಬಿದ್ದಿತ್ತು. ಬೆಳಿಗ್ಗೆ ಯಾವುದೋ ಲಾರಿ ಹೊಡೆದು ಹೋಗಿರಬೇಕು. ಬಿಸಿಲಿಗೆ ಹೊಟ್ಟೆ ಉಬ್ಬಿ, ಕಣ್ಣ ತುಂಬ ನೊಣ ಮುತ್ತಿದ್ದವು. ನಾತ ಗಾಜಿನ ಸಂದಿಯಿಂದ ಒಳಗೆ ಬಂತು.

ಸ್ಟೇಷನ್ ರಸ್ತೆಯ ಅರಿವೆ ಅಂಗಡಿಯ ಸಂಗಣ್ಣ ಸಾವಕಾರ ಹೊಸ ಕಾರು ಕೊಂಡ ಖುಷಿಗೆ ಹೆಂಡತಿ ಸಾವಂತ್ರವ್ವನಿಗೆ ಸಮುದ್ರ ತೋರಿಸಲು ಹೊರಟಿದ್ದ. ವಿಜಾಪುರ ಬಿಟ್ಟಾಗಿನಿಂದ ಅವಸರವೆಂಬುದೇ ಇರಲಿಲ್ಲ. ಅಂಕೋಲೆ ದಾಟಿದ ಮೇಲಂತೂ ತಿರುವಿಗೊಮ್ಮೆ "ನಿಲ್ಲಸು" ಅನ್ನುವುದು, ಇಳಿದು ತೆರೆ ನೋಡುವುದು, ಚಕ್ಕುಲಿ ತಿನ್ನುವುದು, ತೇಗುವುದು, ಮತ್ತೆ ಹತ್ತುವುದು. ಮೀನಿನ ವಾಸನೆ ಬಂದರೆ ಗಂಡ ಹೆಂಡತಿ ಇಬ್ಬರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ತಾವು ಕಿಟಕಿಯಿಂದ ಉಗುಳಿದ ಎಲೆಯಡಿಕೆ ಬಾಗಿಲ ಮೇಲೆ ಕೆಂಪಗೆ ಇಳಿದರೆ ಅದು ಮಾತ್ರ ಅವರಿಗೆ ಹೇಸಿಗೆಯಲ್ಲ. ಬೆಳಗಾದರೆ ಡ್ರೈವರ್ ಅಂಬಾದಾಸ ಒರೆಸಬೇಕು. ಉಂಡು ಉಳಿದ ರೊಟ್ಟಿಯನ್ನು ಸಾವಂತ್ರವ್ವ ಮೇಲಿನಿಂದ ಅವನ ಕೈಗೆ ಬಿಡುತ್ತಿದ್ದಳು. ಈಗ ಅವನಿಗೆ ಸಮುದ್ರವೂ ಬೇಡ, ಇವರ ಮುಖವೂ ಬೇಡ ಅನ್ನಿಸಿಬಿಟ್ಟಿತ್ತು.

"ಇಳದು ಸರಸಿ ಬಿಡಪಾ ಅಂಬಾದಾಸ," ಸಂಗಣ್ಣ ಮೆತ್ತಗೆ ಹೇಳಿದ. "ನಿಮ್ಮ ಮಂದಿಗೆ ರೂಢಿ ಇರತೈತಿ."

ಬೆಲ್ಲದಂಥ ದನಿ. ಕರುವಿನ ನಾತಕ್ಕಿಂತ ಅದೇ ಅಂಬಾದಾಸನಿಗೆ ಹೆಚ್ಚು ಹೇಸಿಗೆ ಅನ್ನಿಸಿತು.

"ನಾವು ಅದನ್ನ ಬಿಟ್ಟೇವ್ರಿ."

"ಏನ ಬಿಟ್ಟೀರಿ?"

"ಸತ್ತ ದನಾ ಎಳಿಯೂದು. ನಮ್ಮೂರ ತಿಕೋಟಾದಾಗ ನಮ್ಮ ಓಣಿ ಮಂದಿ ಎಲ್ಲಾ ಬೌದ್ಧ ದೀಕ್ಷಾ ತೊಗೊಂಡಾಗ ಬಿಟ್ಟೇವ್ರಿ."

ಬಿಟ್ಟ ವರ್ಷವೇ ಊರ ಗೌಡರ ಎತ್ತು ಸತ್ತು ಹಿತ್ತಲಲ್ಲಿ ಕೊಳೆಯಿತು. ಅಂಬಾದಾಸನ ಅಪ್ಪ ಗೊಲ್ಲಾಳಪ್ಪ ಹಗ್ಗ ಮುಟ್ಟಲಿಲ್ಲ. ಊರ ಅಂಗಡಿಯವರು ಆ ಓಣಿಗೆ ಉಪ್ಪು, ಚಿಮಣಿ ಎಣ್ಣೆ ಕೊಡುವುದನ್ನು ನಿಲ್ಲಿಸಿದರು. ಅಪ್ಪ ಉಪ್ಪಿಗಾಗಿ ಬಬಲೇಶ್ವರದ ಸಂತೆಗೆ ನಡೆದು ಹೋಗಿ ಬರುತ್ತಿದ್ದ, ದೀಕ್ಷೆಯ ದಿನ ಕೊಟ್ಟ ಮಾತು ಮುರಿಯಲಿಲ್ಲ.

"ಇದೇನ ತಿಕೋಟಾ ಅಲ್ಲ. ಇಲ್ಲಿ ನಿನ್ನ ಯಾರ ನೋಡಾಕತ್ತಾರ?"

"ನಾ ನೋಡ್ತೇನಲ್ರಿ."

ಸಂಗಣ್ಣನ ದನಿ ಬದಲಾಯಿತು. "ಬಾಯಿ ಭಾಳ ಆತು ನಿಂದು. ವಿಜಾಪುರಕ್ಕ ಹೋದ ಕೂಡ್ಲೆ ಕಾರಿನ ಕೀಲಿ ಕೊಟ್ಟು ಖೋಲಿ ಖಾಲಿ ಮಾಡು."

ಖೋಲಿ ಅಂದರೆ ಅಂಗಡಿಯ ಹಿಂದಿನ ಒಂದು ಕೋಣೆ. ಅಲ್ಲಿ ಅಂಬಾದಾಸನ ಹೆಂಡತಿ ಪರಸವ್ವ ತುಂಬಿದ ಬಸುರಿ. ಅವಳು ಟ್ರಂಕು ಹೊತ್ತು ಬೀದಿಯಲ್ಲಿ ನಿಂತಂತೆ ಅವನ ಕಣ್ಣಿಗೆ ಕಟ್ಟಿತು. ಒಂದು ಸಲ ಇಳಿದು ಎಳೆದರೆ ಮುಗಿದುಹೋಗುತ್ತದಲ್ಲ ಅಂತಲೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಕೆ ಬಂತು.

"ಆತ್ರಿ," ಅಂದ. ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ.

ಹೊತ್ತು ಇಳಿಯತೊಡಗಿತು. ಹೊಸ ರಸ್ತೆ, ಇನ್ನೂ ಬಸ್ಸಿನ ಓಡಾಟವಿಲ್ಲ. ಯಾವ ಗಾಡಿಯೂ ಬರಲಿಲ್ಲ. ಹಿಂದಕ್ಕೆ ಹೋಗುವಂತೆಯೂ ಇರಲಿಲ್ಲ. ಬರುವಾಗ ಹಿಂದಿನ ಹೊಳೆಯಲ್ಲಿ ಕಾರು ದಾಟಿಸಿದ ದೋಣಿಯವರು ಇವತ್ತಿಗೆ ಇದೇ ಕಡೆಯ ಸಲ ಎಂದು ಹೇಳಿಯೇ ದಾಟಿಸಿದ್ದರು. ಬಲಗಡೆ ಸಮುದ್ರ ತನ್ನಷ್ಟಕ್ಕೆ ಮೊರೆಯುತ್ತಿತ್ತು. ಅದನ್ನು ನೋಡಲೆಂದೇ ಅಷ್ಟು ದೂರ ಬಂದವರು ಗಾಜು ಏರಿಸಿಕೊಂಡು ಕುಳಿತಿದ್ದರು.

"ನನಗ ವಾಂತಿ ಬರಾಕತ್ತೈತಿ," ಸಾವಂತ್ರವ್ವ ಸೆರಗಿನೊಳಗಿಂದ ಹೇಳಿದಳು. "ರಾತ್ರಿ ಇಲ್ಲೇ ಇರೂದೇನ್ರಿ? ಏನರೆ ಮಾಡ್ರಿ."

ಸಂಗಣ್ಣ ಇಳಿದ. ಧೋತರ ಮೇಲೆ ಕಟ್ಟಿ, ತೋಳು ಮಡಚಿ, ಮುಖ ಅತ್ತ ತಿರುಗಿಸಿ ಕರುವಿನ ಹಿಂಗಾಲು ಹಿಡಿದ. ಒಮ್ಮೆ ಕೈ ಜಾರಿತು. ಕಟ್ಟೆ ಹಿಡಿದು ಕಾರಿಕೊಂಡ, ಬಾಯಿ ಒರೆಸಿಕೊಳ್ಳಲು ಹೋಗಿ ಕೈಯ ನಾತಕ್ಕೆ ಮತ್ತೊಮ್ಮೆ ಕಾರಿದ. ಕೊನೆಗೆ ಏದುಸಿರು ಬಿಡುತ್ತ ಸೇತುವೆಯ ಆಚೆ ತನಕ ಎಳೆದು ಇಳಿಜಾರಿಗೆ ದೂಡಿದ. ಅಂಬಾದಾಸ ಕಣ್ಣು ತೆಗೆಯದೆ ಎಲ್ಲವನ್ನೂ ನೋಡಿದ. ಸಂತೋಷವಾದೀತು ಅಂದುಕೊಂಡಿದ್ದ, ಆಗಲಿಲ್ಲ.

ಸಂಗಣ್ಣ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಹಿಂದಿನ ಬಾಗಿಲ ಹತ್ತಿರ ಬಂದು ನಿಂತ.

"ಬಾಗಲಾ ತಗಿ."

ಸಾವಂತ್ರವ್ವ ಗಾಜನ್ನು ಬೆರಳಷ್ಟು ಇಳಿಸಿದಳು. "ನನ್ನ ಮುಟ್ಟಬ್ಯಾಡ್ರಿ. ಮುಂದ ಕೂಡ್ರಿ, ಅವನ ಬಾಜೂಕ."

ಅಂಬಾದಾಸ ಬಾಗಿ ಎಡಗಡೆಯ ಬಾಗಿಲು ತೆಗೆದ. ಸಂಗಣ್ಣ ಕುಳಿತು, ತೊಡೆಯ ಮೇಲೆ ಅಂಗೈ ಮೇಲಾಗಿಟ್ಟುಕೊಂಡ. ಸೇತುವೆ ದಾಟಿ ಗೇರು ಬದಲಿಸುವಾಗ ಅಂಬಾದಾಸನ ಮೊಳಕೈ ಸಾವಕಾರನ ತೋಳಿಗೆ ತಾಗಿತು. ಸಂಗಣ್ಣ ಹಾಗೆಯೇ ಕುಳಿತಿದ್ದ. ಅಂಬಾದಾಸನೇ ಬಾಗಿಲ ಕಡೆಗೆ ಸರಿದು, ಗಾಜು ಪೂರ್ತಿ ಇಳಿಸಿ, ಮುಖ ಹೊರಗಿಟ್ಟು ಉಸಿರಾಡುತ್ತ ಕಾರು ನಡೆಸಿದ.