ಹೆಸರು ನೋಡಬೇಡ, ದಾಟಿಸು

ನನಗೆ ಸಿಟ್ಟು ಬೇಗ ಬರುತ್ತದೆ, ಮುಚ್ಚಿಡುವುದಂತೂ ಬರುವುದೇ ಇಲ್ಲ. ಆವತ್ತು ಹೊಸೂರು ಸ್ಟೇಷನ್ನಿನಲ್ಲಿ ಸುರೇಂದ್ರ ನನ್ನನ್ನು ಪಕ್ಕಕ್ಕೆ ಕರೆದು ಹಲ್ಲು ಕಿರಿದಾಗಲೇ ಇದೇನೋ ಸರಿಯಿಲ್ಲ ಅನ್ನಿಸಿತು.

ಉದ್ದನಪಲ್ಲಿಯ ನಮ್ಮ ಗುಲಾಬಿ ಹೊಸೂರಿನಿಂದ ರೈಲಿನಲ್ಲೇ ದೂರದ ಊರುಗಳಿಗೆ ಹೋಗುವುದು. ಮೊದಲು ಸರ್ಕಾರದ ದರವಿತ್ತು. ದೊಡ್ಡ ತೋಟದವರಿಗೂ ಸಣ್ಣವರಿಗೂ ಕಿಲೋಗೆ ಅದೇ ದರ. ಆಮೇಲೆ ಪಾರ್ಸಲ್ ಬೋಗಿಯನ್ನು ಗುತ್ತಿಗೆಗೆ ಕೊಟ್ಟರು, ಸುರೇಂದ್ರ ಹಿಡಿದ. ಬೋಗಿ ತುಂಬಲಿ, ಖಾಲಿ ಹೋಗಲಿ, ರೈಲ್ವೆಗೆ ಅವನು ಪೂರ್ತಿ ಬಾಡಿಗೆ ಕಟ್ಟಬೇಕು. ನಮ್ಮಿಂದ ಎಷ್ಟು ಕೀಳಬೇಕೆಂಬುದು ಅವನ ಇಷ್ಟ. ಸುಳ್ಳು ಯಾಕೆ ಹೇಳಲಿ, ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಕಾಯುವುದು ತಪ್ಪಿ, ಹೂವು ಬಾಡುವ ಮುಂಚೆ ಊರು ಸೇರುತ್ತಿತ್ತು.

“ಕೊಂಡಕ್ಕ, ನಿಂದು ದೊಡ್ಡ ತೋಟ. ನಿಂಗೆ ಅರ್ಧ ರೇಟು. ಯಾರ್ಗೂ ಹೇಳ್ಬ್ಯಾಡ,” ಅಂದ ಆವತ್ತು ಸುರೇಂದ್ರ.

“ಮತ್ತೆ ಮುನಿರತ್ನಂಗೆ?”

“ಸಣ್ಣೋರ್ಗೆ ಡಬಲ್. ಯಾರ್ ಮೇಲಾದ್ರೂ ಹಾಕ್ಲೇಬೇಕಲ್ಲ!”

ಮುನಿರತ್ನ ನನ್ನ ಪಕ್ಕದ ಹೊಲದವಳು. ಅಂಗೈಯಗಲದ ನೆಲದಲ್ಲಿ ಗುಲಾಬಿ ಬೆಳೆದು ಒಬ್ಬಳೇ ಮಗಳನ್ನು ಓದಿಸುತ್ತಿದ್ದಾಳೆ. ನನಗೆ ಆಸೆಯಾಗಲಿಲ್ಲವೇ? ಆಯಿತು. ಮದುವೆ ಸೀಸನ್ನು, ತೋಟದ ತುಂಬ ಹೂವು. ಆದರೆ ಸಂಜೆ ಅವಳು ಬೇಲಿಯ ಹತ್ತಿರ ಬಂದು, “ಈ ರೇಟಿಗೆ ಕಳ್ಸಕ್ಕಾಗಲ್ಲ ಕೊಂಡಕ್ಕ. ಗಿಡ ಕಿತ್ತಾಕ್ಬುಟ್ಟು ಮೂಕಂಡಪಲ್ಲಿ ಫ್ಯಾಕ್ಟ್ರಿಗೆ ಹೋಯ್ತೀನಿ,” ಎಂದು ಅತ್ತಳು. ಅರ್ಧ ರೇಟಿನ ಆಸೆ ಅಲ್ಲೇ ಬಿಟ್ಟೆ.

ರೈಲ್ವೆಯ ಪಾರ್ಸಲ್ ಆಫೀಸಿಗೆ ಹೋಗಿ ಕೇಳಿದೆ. “ರೇಟ್ ಎಲ್ಲಾಂ ನಮ್ಮ ಕೈಯಿಲ ಇಲ್ಲಮ್ಮಾ,” ಎಂದು ಅಲ್ಲಿನ ಗುಮಾಸ್ತರು ಅರೆ ತಮಿಳಿನಲ್ಲಿ ಅಂದರು.

ಅವರ ಕೈಯಲ್ಲಿಲ್ಲ, ಸರಿ. ನಮ್ಮ ಕೈಯಲ್ಲಿ ಏನಿದೆ ಎಂದು ಯೋಚಿಸಿದಾಗ ಪೆಟ್ಟಿಗೆ ಹತ್ತಿಸುವ ನಮ್ಮ ಸಾಲು ನೆನಪಾಯಿತು. ಇಲ್ಲಿ ರೈಲು ಒಂದು ಟೀ ಕುಡಿಯುವಷ್ಟು ಹೊತ್ತೂ ನಿಲ್ಲುವುದಿಲ್ಲ. ಅದಕ್ಕೇ ನಾವು ಹೂವಿನವರೆಲ್ಲ ಬೋಗಿಯ ಬಾಗಿಲ ತನಕ ಸಾಲಾಗಿ ನಿಂತು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಯಾರ ಹೆಸರಿದೆ ಎಂದು ನೋಡುತ್ತ ನಿಲ್ಲಬಾರದು, ಅದು ನಮ್ಮ ಕಟ್ಟುಪಾಡು. ಸುರೇಂದ್ರ ತರುವ ದೊಡ್ಡ ಕಂಪನಿಗಳ ಹೂವೂ ಹಾಗೆಯೇ ಹತ್ತುತ್ತಿತ್ತು. ಕೂಲಿಯವರನ್ನು ಅವನು ಇಟ್ಟೇ ಇರಲಿಲ್ಲ. ನಮ್ಮ ಕೈಗಳು ಪುಕ್ಕಟೆ ಅಂದುಕೊಂಡಿದ್ದ.

ಮಾರನೆಯ ದಿನ ಪ್ಲಾಟ್‌ಫಾರಂ ಮೇಲೆ ಎಲ್ಲರ ಎದುರಿಗೇ ಅವನ ಗುಟ್ಟಿನ ಅರ್ಧ ರೇಟನ್ನು ಕೂಗಿ ಹೇಳಿದೆ. ನಮ್ಮಲ್ಲಿ ಹಿರಿಯನಾದ ಸೊಣ್ಣಪ್ಪ, “ಥೂ! ಹಂಗಾದ್ರೆ ಎತ್ತೋದೇ ಬ್ಯಾಡ ಬುಡ್ರಲಾ,” ಎಂದು ಕೈಕಟ್ಟಿ ನಿಂತ.

ರೈಲು ಬಂತು. ಯಾರೂ ಅಲ್ಲಾಡಲಿಲ್ಲ. ಸುರೇಂದ್ರ ತಾನೇ ಓಡಾಡಿ ಒಂದೆರಡು ಪೆಟ್ಟಿಗೆ ತಳ್ಳುವಷ್ಟರಲ್ಲಿ ರೈಲು ಹೊರಟೇಬಿಟ್ಟಿತು.

“ನನ್ ಹೊಟ್ಟೆ ಮೇಲೆ ಹೊಡದ್ರಲ್ಲ!” ಎಂದು ಅರಚಿದ.

“ನಮ್ ಹೊಟ್ಟೆ ಮೇಲೂ ನಾವೇ ಹೊಡ್ಕಂಡಿದೀವಿ. ನನ್ ಪೆಟ್ಗೆನೂ ಇಲ್ಲೇ ಅದೆ, ನೋಡು. ನಾಳೆನೂ ಇಲ್ಲೇ ಇರ್ತದೆ. ಎಲ್ಲಾರ್ಗೂ ಒಂದೇ ರೇಟು, ತೂಕದ್ ಮೇಲೆ. ಬೋರ್ಡ್‌ನಾಗೆ ಬರಿ, ಆಮೇಲ್ ಮಾತಾಡು.”

ಧೈರ್ಯವಾಗಿ ಹೇಳಿಬಿಟ್ಟೆ. ಬಾಡಿದ ಹೂವನ್ನು ತಿಪ್ಪೆಗೆ ಸುರಿಯುವಾಗ ಮಾತ್ರ ಕಣ್ಣೀರು ತಡೆಯಲಾಗಲಿಲ್ಲ. ಆದರೂ ಮರುದಿನ ಮತ್ತೆ ಹೂವು ತಂದು, ಮತ್ತೆ ಕೈಕಟ್ಟಿ ನಿಂತೆವು. ಒಂದು ದಿನದಲ್ಲಿ ಅವನಿಗೆ ಕೂಲಿಯವರೂ ಸಿಗಲಿಲ್ಲ; ಬೋಗಿ ಮತ್ತೆ ಬಿಕೋ ಎನ್ನುತ್ತ ಹೋಯಿತು, ಬಾಡಿಗೆ ಅವನ ತಲೆ ಮೇಲೆ ಬಿತ್ತು.

ಅದರ ಮರುದಿನ ಬೋರ್ಡ್ ನೇತಾಡುತ್ತಿತ್ತು. ಎಲ್ಲರಿಗೂ ಒಂದೇ ದರ. ಸರ್ಕಾರದ ಹಳೆಯ ದರಕ್ಕಿಂತ ಸ್ವಲ್ಪ ಜಾಸ್ತಿ, ಅವನು ನನ್ನ ಕಿವಿಯಲ್ಲಿ ಉಸುರಿದ್ದಕ್ಕಿಂತ ಬಹಳ ಜಾಸ್ತಿ. ಮುನಿರತ್ನ ಬೋರ್ಡನ್ನು ಎರಡೆರಡು ಸಲ ಓದಿ ತನ್ನ ಪೆಟ್ಟಿಗೆಯನ್ನು ತಕ್ಕಡಿಗಿಟ್ಟಳು.

“ಈಗ್ಲಾದ್ರೂ ಎತ್ತು ಕೊಂಡಕ್ಕ, ರೈಲು ಬಂತು,” ಅಂದ ಸುರೇಂದ್ರ.

“ನೀನೂ ಬಂದು ಸಾಲ್ನಾಗೆ ನಿಂತ್ಕ.”

ಗೊಣಗಿಕೊಂಡೇ ನನ್ನ ಪಕ್ಕ ನಿಂತ. ಮೊದಲ ಪೆಟ್ಟಿಗೆ ನನ್ನ ಕೈಯಿಂದ ಅವನ ಕೈಗೆ ಹೋಯಿತು. ಅವನು ಅದನ್ನು ತಿರುಗಿಸಿ ಮುನಿರತ್ನಳ ಹೆಸರು ಓದತೊಡಗಿದ.

“ಹೆಸ್ರು ನೋಡ್ಬ್ಯಾಡ ಕಣ್ಲಾ, ದಾಟ್ಸು!” ಎಂದು ಗದರಿದೆ.

ದಾಟಿಸಿದ.