ಮರೂನ್ ಪಟ್ಟಿಯ ಗಂಟು

ಹದಿನಾಲ್ಕು ವರ್ಷ ಒಂದು ದಿನವೂ ಮುನಿಸಿಕೊಳ್ಳದ ಕಂಪ್ಯೂಟರು ಸೋಮವಾರ ಬೆಳಿಗ್ಗೆ ಕಣ್ಣು ಬಿಡಲಿಲ್ಲ. ಅಮ್ಮ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು, ಬೆನ್ನಿಗೊಂದು ಏಟು ಕೊಟ್ಟಳು. ಆಮೇಲೆ ಮಗಳಿಗೆ ಫೋನು ಮಾಡಿದಳು.

"ಹೋಯ್ತು ಕಣೇ. ಶನಿವಾರ ಬಾ, ಅದೇ ಕಂಪನಿದು ಇನ್ನೊಂದು ತರೋಣ."

"ಯಾಕಮ್ಮ, ನಾನೇ ಜೋಡಿಸಿಕೊಡ್ತೀನಿ."

"ನಿನ್ನ ಕೈಗೆ ಕೊಟ್ಟ ರೇಡಿಯೋ ಇವತ್ತಿಗೂ ಡಬ್ಬದಲ್ಲಿ ಬಿಡಿಬಿಡಿಯಾಗಿ ಕೂತಿದೆ. ಕಂಪನಿ ಅಂದ್ರೆ ಕಂಪನಿ."

ಮಗಳು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಜೋಡಿಸುವುದನ್ನೇ ಕಲಿಸುತ್ತಿದ್ದಳು. ಅಮ್ಮನ ಪಾಲಿಗೆ ಮಾತ್ರ ಅವಳು ಇನ್ನೂ ರೇಡಿಯೋ ಕೆಡಿಸಿದವಳು; ಕರೆಯುವುದೂ 'ರಿಪೇರಿ' ಎಂದೇ. ಆ ಬಾಯಿಂದ ಒಂದೇ ಒಂದು ಸಲ 'ಇದು ನನ್ನ ಮಗಳು ಮಾಡಿದ್ದು' ಅನ್ನಿಸಿಕೊಳ್ಳಬೇಕೆಂಬ ಆಸೆ ಅವಳನ್ನು ಬಿಟ್ಟಿರಲಿಲ್ಲ. ಹಾಗನ್ನಿಸಿಕೊಳ್ಳಲು ತಕ್ಕ ಕೆಲಸವನ್ನು ಅವಳು ತಾನೇ ಮುಚ್ಚಿಟ್ಟಿದ್ದಳು. ಅಮ್ಮ ಗಿರಾಕಿಗಳೆದುರೆಲ್ಲ ಹೊಗಳುತ್ತಿದ್ದ ಆ ಕಂಪ್ಯೂಟರು ಯಾವ ಕಂಪನಿಯದೂ ಅಲ್ಲ. ಅವಳೇ ಜೋಡಿಸಿದ್ದು.

ಆಗ ಅವಳಿಗೆ ಹತ್ತೊಂಬತ್ತು. ಅಮ್ಮ ಶಾಲೆಗಳಿಗೆ ಸಮವಸ್ತ್ರ ಹೊಲಿಯುವ ಟೈಲರ್. ಅಳತೆಯ ಪುಸ್ತಕಗಳು ಇಲಿಗಳ ಪಾಲಾದ ವರ್ಷ ಕಂಪ್ಯೂಟರ್ ತರಲು ದುಡ್ಡು ಕೊಟ್ಟು, ತನ್ನ ತಂಗಿಯ ಹೆರಿಗೆಗೆಂದು ಊರಿಗೆ ಹೋದಳು. ರೆಡಿಮೇಡ್ ಅಂಗಿ ಕಂಡರೆ ಮೂಗು ಮುರಿಯುವವಳು ಕಂಪ್ಯೂಟರ್ ವಿಷಯದಲ್ಲಿ ಮಾತ್ರ ರೆಡಿಮೇಡಿನ ಪಕ್ಷ. ಆದರೆ ಆ ದುಡ್ಡಿಗೆ ಕಂಪನಿಯದು ಬರುತ್ತಿರಲಿಲ್ಲ. ಹಾಗೆಂದು ಹೇಳುವ ಧೈರ್ಯ ಮಗಳಿಗಿರಲಿಲ್ಲ.

ಬಿಡಿಭಾಗ ತಂದು ಹಿಂದಿನ ಕೋಣೆಯ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡಳು. ಸ್ಕ್ರೂಗಳು ಗುಂಡಿ ಡಬ್ಬದ ಮುಚ್ಚಳದಲ್ಲಿ ಕೂತವು. ಸೀಮೆಸುಣ್ಣದ ಪುಡಿ ಕೂರದಿರಲೆಂದು ಮೇಜನ್ನು ಮೂರು ಸಲ ಒರೆಸಿದಳು. ಒಳಗಿನ ವೈರುಗಳನ್ನು ಒಟ್ಟು ಮಾಡಿ ಕಟ್ಟಲು ಏನೂ ಸಿಗದೆ, ಆ ವರ್ಷದ ಸಮವಸ್ತ್ರಗಳ ಕಾಲರಂಚಿಗೆಂದು ತಂದಿದ್ದ ಮರೂನ್ ಪೈಪಿಂಗ್ ಪಟ್ಟಿಯನ್ನು ಗೇಣುದ್ದ ಕತ್ತರಿಸಿದಳು. ಮೂರನೆಯ ದಿನ ಮಧ್ಯಾಹ್ನ ಗುಂಡಿ ಒತ್ತಿದಾಗ ಒಂದೇ ಒಂದು 'ಬೀಪ್'. ಆಮೇಲೆ ನೂರಾರು ಯಂತ್ರಗಳಿಗೆ ಜೀವ ಕೊಟ್ಟಿದ್ದಾಳೆ. ಅಂಥ ಬೀಪ್ ಮತ್ತೆ ಕೇಳಿಲ್ಲ.

ಕಾಲೇಜಿನಲ್ಲಿ ಕೆಟ್ಟು ಬಿದ್ದಿದ್ದ ಕಂಪ್ಯೂಟರಿನಿಂದ ಕಂಪನಿಯ ಹೆಸರಿನ ತಗಡನ್ನು ಕಿತ್ತು ತಂದು ಅಂಟಿಸಿದಳು. ಊರಿಂದ ಬಂದ ಅಮ್ಮ ಅದನ್ನು ಬೆರಳಲ್ಲಿ ಸವರಿ, "ನೋಡು, ಇದು ಕೆಲಸ ಅಂದ್ರೆ" ಅಂದಳು. ಮಗಳಿಗೆ ನಗು ಬಂತು. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಅಮ್ಮ ಪೇಟೆಗೆ ಹೋದಾಗ ಕದ್ದು ಧೂಳು ಒರೆಸುವುದು, ಸುಸ್ತಾದ ಭಾಗ ಬದಲಿಸುವುದು, ಅಳತೆಗಳನ್ನು ಪೆನ್‌ಡ್ರೈವಿಗೆ ಇಳಿಸಿಡುವುದು, ಹೀಗೇ ವರ್ಷಗಳು ಕಳೆದವು.

ಶನಿವಾರ ಅಮ್ಮ ಹಳೆಯದನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಗಳ ಜೊತೆ ಕಂಪನಿಯ ಅಂಗಡಿಗೆ ಬಂದಳು. ಹಳೆಯದು ಕೊಟ್ಟರೆ ಹೊಸದಕ್ಕೆ ರಿಯಾಯಿತಿಯಂತೆ. ಅಂಗಡಿಯ ಟೈ ಕಟ್ಟಿದ ಮಾರಾಟಗಾರ ಬೆನ್ನಿನಲ್ಲಿ ನಂಬರು ಹುಡುಕಿದ. ಸಿಗಲಿಲ್ಲ. ಪಕ್ಕದ ಮುಚ್ಚಳ ಬಿಚ್ಚಿದ.

"ಅಮ್ಮ, ನಿಮಗ್ಯಾರೋ ಸರಿಯಾಗಿ ಟೋಪಿ ಹಾಕಿದಾರೆ. ಕೈಗೆ ಸಿಕ್ಕಿದ್ದೆಲ್ಲ ತುರುಕಿ, ಮೇಲೆ ನಮ್ಮ ಹೆಸರು ಅಂಟಿಸಿದಾರೆ."

"ಯಾವನವನು?" ಅಮ್ಮನ ದನಿ ಅಂಗಡಿಗೆಲ್ಲ ಕೇಳಿಸಿತು. "ರಿಪೇರಿ, ಯಾರ ಹತ್ರ ತಂದೆ? ನಡಿ, ಈಗಲೇ ಹೋಗಿ ಕೇಳ್ತೀನಿ."

ಮಗಳು ಅಮ್ಮನ ತೋಳು ಹಿಡಿದಳು. "ಅಮ್ಮಾ, ಅದು..."

ಅಷ್ಟರಲ್ಲಿ ಅಮ್ಮ ಕನ್ನಡಕ ಏರಿಸಿ ಒಳಗೆ ಬಗ್ಗಿದ್ದಳು. ಉಫ್ ಎಂದು ಧೂಳು ಊದಿದಳು. ಮರೂನ್ ಪಟ್ಟಿ ಬಣ್ಣ ಬಿಟ್ಟಿರಲಿಲ್ಲ. ಗಂಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು. ಮಗಳು ಎಡಚಿ. ಅವಳು ಹಾಕಿದ ಗಂಟು ಉಲ್ಟಾ ಬಿದ್ದು, ತುದಿ ಹೊರಗೆ ನಿಗುರಿಕೊಳ್ಳುತ್ತಿತ್ತು. ಚಿಕ್ಕಂದಿನಿಂದ ಅಂಥ ಗಂಟುಗಳನ್ನು ಬೈದು ಬೈದು ಬಿಚ್ಚಿ ಹಾಕಿದವಳು ಅಮ್ಮನೇ.

ಅಮ್ಮ ಆ ತುದಿಯನ್ನು ಒಳಗೆ ಸಿಕ್ಕಿಸಿ ನೆಟ್ಟಗಾದಳು.

"ಮುಚ್ಚಪ್ಪ," ಅಂದಳು. "ಇದನ್ನ ಕೊಡಲ್ಲ."

"ರಿಯಾಯಿತಿ ಸಿಗಲ್ಲಮ್ಮ."

"ನಾನು ಕೇಳಿದ್ನಾ?"

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಂಪ್ಯೂಟರು ಇಬ್ಬರ ನಡುವೆ ಕೂತಿತು.

"ಹದಿನಾಲ್ಕು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲೇ! ನನ್ನ ಮಾತು ಕೇಳಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಕಂಪನಿದೇ ತಗೊಂಡ್ರು. ಮೂರೇ ವರ್ಷಕ್ಕೆ ಮಲಗ್ತು. ಅವರಿಗೆ ಯಾವ ಮುಖ ತೋರಿಸ್ಲಿ?"

"ತಪ್ಪಾಯ್ತಮ್ಮ."

"ಹೆಸರು ಅಂಟಿಸಿದ್ದು ತಪ್ಪು." ಅಮ್ಮ ಸೆರಗಿನಿಂದ ಕಂಪ್ಯೂಟರಿನ ನೆತ್ತಿ ಒರೆಸಿದಳು. "ಇದರೊಳಗೆ ನೀನು ಮಾಡಿದ್ದು ಯಾವುದು?"

"ಯಾವುದೂ ಇಲ್ಲ. ಎಲ್ಲ ಕೊಂಡು ತಂದಿದ್ದೇ. ನಾನು ಜೋಡಿಸಿದೆ, ಅಷ್ಟೆ."

"ಅಷ್ಟೆ ಅಂದ್ರೆ? ಬಟ್ಟೆ ನಾನು ನೇಯ್ತೀನಾ? ಗುಂಡಿನೂ ಅಂಗಡಿದೇ. ಆದ್ರೂ ಅಂಗಿ ಯಾರು ಮಾಡಿದ್ದು ಅಂದ್ರೆ ನನ್ನ ಹೆಸರೇ ಹೇಳ್ತಾರೆ."

ಮಗಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಅಮ್ಮ ಹೆಸರಿನ ತಗಡನ್ನು ಉಗುರಿನಿಂದ ಕೆರೆದಳು. ಅದು ಜಗ್ಗಲಿಲ್ಲ. ಚೀಲದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದು ಮೊನೆಯಿಂದ ಮೀಟಿದಳು. ತಗಡು ಟಣ್ಣನೆ ಹಾರಿ ಚರಂಡಿಗೆ ಬಿತ್ತು.

"ಗೋಂದು ಮಾತ್ರ ಭದ್ರವಾಗಿ ಹಾಕಿದೀಯ. ಗಂಟು ಹಾಕೋದು ಇನ್ನೂ ಬರಲ್ಲ." ಕತ್ತರಿ ಒಳಗಿಟ್ಟಳು. "ಹೊಸದು ಜೋಡಿಸಿ ಯಾವತ್ತು ಕೊಡ್ತೀಯ?"

"ಬುಧವಾರ."

"ಟೈಲರ್‌ಗೇ ಟೈಲರ್ ಮಾತು ಹೇಳಬೇಡ, ಗಿರಾಕಿಗಳಿಗೆ ನಾನೂ ಬುಧವಾರ ಅಂತಲೇ ಹೇಳೋದು. ಸರಿಯಾದ ದಿನ ಹೇಳು."

"ಮುಂದಿನ ಶನಿವಾರ," ಮಗಳು ನಿಜ ಹೇಳಿದಳು.