ಸನಾವುಲ್ಲಾ ಸಾಬ್ರ ಕಲ್ಲು ಕುಯ್ಯೋ ಮಿಷನ್ನು

ನನ್ನ ರಿಪೇರಿ ಅಂಗಡಿಗೆ ಬರೋರೆಲ್ಲ ಒಂದೇ ಮಾತಾಡೋರು: "ಪುಟ್ಟಲಿಂಗಣ್ಣ, ಜಲ್ದಿ." ರಾಮನಗರದಲ್ಲಿ ರೇಷ್ಮೆ ಉಕ್ಕಿ ಹರೀತಿದ್ದ ಕಾಲ ಅದು. ಬೀದಿಬೀದೀಲಿ ಗೂಡು ಬೇಯೋ ವಾಸನೆ, ಮನೆಮನೇಲಿ ನೂಲು ಬಿಚ್ಚೋ ಬೇಸಿನ್ನು. ಒಂದು ಚಕ್ರ ನಿಂತ್ರೆ ಸಾಕು, ಮಾಲೀಕ ತನ್ ಪ್ರಾಣವೇ ನಿಂತಂಗೆ ಓಡಿ ಬರೋನು. ನಾನು ಕುದೂರು ಕಡೆಯೋನು, ಬಾಯಿ ಒಸಿ ಜೋರು. "ನಿಮ್ಮಪ್ಪನ ಮನೆ ಆಳಾ ನಾನು? ಕಾಯ್ರಿ" ಅಂತಿದ್ದೆ. ಬೈಸ್ಕೊಂಡೇ ಕಾಯೋರು.

ಜಲ್ದಿ ಅನ್ನದೆ ಬಂದೋಳು ಸಾಬಿರಾ ಒಬ್ಳೇ. ಕಲ್ಲು ಕುಯ್ಯೋ ಸನಾವುಲ್ಲಾ ಸಾಬ್ರ ಮಗಳು, ತಾಯಿ ಇಲ್ಲದ ಹುಡುಗಿ, ಪಕ್ಕದ ಬೀದಿ ರೇಷ್ಮೆ ಕಾರ್ಖಾನೆ, ಅದೇ ಫಿಲೇಚರ್‌ನಲ್ಲಿ ನೂಲು ಬಿಚ್ಚೋಳು. ಅವಳ ದುಡಿಮೇಲೇ ಆ ಮನೆ ಒಲೆ ಉರೀಬೇಕು.

"ಅಣ್ಣ, ಅಬ್ಬಾದು ಮಿಷನ್ ಐತಲ್ಲ, ಅದನ್ನ ನಡೆಯೋ ಹಂಗೆ ಮಾಡ್ಕೊಡಣ್ಣ" ಅಂದ್ಲು.

"ಊರೆಲ್ಲ ರೇಷ್ಮೆ ಹಿಂದೆ ಬಿದ್ದೈತೆ, ನೀನು ಕಲ್ಲಿನ ಹಿಂದೆ ಬಿದ್ದಿದ್ದೀಯಲ್ಲಮ್ಮ" ಅಂತ ರೇಗಿಸ್ದೆ.

ಅವಳು ನಗ್ಲಿಲ್ಲ. ದುಪಟ್ಟಾ ಸರಿಸಿ ಎರಡೂ ಕೈ ನನ್ನ ಮುಂದೆ ಹಿಡಿದ್ಲು. ಬೆಳಗಿಂದ ಸಂಜೆಗಂಟ ಕುದಿಯೋ ನೀರಲ್ಲಿ ಗೂಡಿನ ಎಳೆ ಹುಡುಕೋ ಕೈ. ಬೆಂದು ಸುಲಿದು, ಸುಲಿದ ಜಾಗದಲ್ಲೇ ಮತ್ತೆ ಬೆಂದು ಜಡ್ಡುಗಟ್ಟಿತ್ತು. ಬಿರುಕಲ್ಲಿ ಕೀವು. ಎರಡು ಬೆರಳಿಗೆ ಈಗ ಬಿಸಿ ತಣ್ಣಗೇನೂ ಗೊತ್ತಾಗಕ್ಕಿಲ್ಲ ಅಂದ್ಲು. ದಿನಾ ಅವೇ ಬೇಸಿನ್ನು ರಿಪೇರಿ ಮಾಡೋನು ನಾನು, ಅದರ ಮುಂದೆ ಕೂರೋರ ಕೈ ಒಂದಿನಾನೂ ನೋಡಿರ್ಲಿಲ್ಲ.

"ಈ ಬಿಸಿನೀರಿಂದ ಕೈ ತೆಗೀಬೇಕು ಅಣ್ಣ. ಅಬ್ಬಾ ಹೇಳ್ಕೊಟ್ರೆ ಕಲ್ಲು ಕುಯ್ದು ಬದುಕ್ತೀನಿ. ಕೈ ವಿಷ್ಯ ಮಾತ್ರ ಅವರ ಹತ್ರ ಆಡ್ಬೇಡ. ಗೊತ್ತಾದ್ರೆ ನಾನು ತಂದಿದ್ದು ಉಣ್ಣೋದೇ ಬುಟ್ಬುಡ್ತಾರೆ."

ಸಾಬ್ರಿಗೆ ಕಣ್ಣು ಹೋಗಿತ್ತು. ಬೆಳಕೋ ಕತ್ಲೆಯೋ ಅನ್ನೋದು ಬುಟ್ರೆ ಏನೂ ಕಾಣ್ತಿರ್ಲಿಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಒಡವೆ ಅಂಗಡಿಯೋರು ಉಂಗುರದ ಕಲ್ಲು ಕುಯ್ಸೋಕೆ ಅವರ ಬಾಗಿಲಿಗೆ ಬರೋರು. ಮಿಷನ್ ಅಂದ್ರೆ ದೊಡ್ಡ ಟ್ರಂಕಿನಷ್ಟು ಕಬ್ಬಿಣದ ಪೆಟ್ಟಿಗೆ. ಒಳಗೆ ಊಟದ ತಟ್ಟೆಯಷ್ಟಗಲ ಚಕ್ರ, ಅದರ ಅಂಚಿಗೆ ವಜ್ರದ ಪುಡಿ. ಕೆಳಗೆ ಎಣ್ಣೆ ತೊಟ್ಟಿ. ಕಲ್ಲನ್ನ ಹಿಡಿಕೆಗೆ ಬಿಗಿದ್ರೆ, ಹಗ್ಗಕ್ಕೆ ಕಟ್ಟಿದ ತೂಕ ಅದನ್ನ ನಿಧಾನಕ್ಕೆ ಚಕ್ರದ ಕಡೆ ಎಳೀತದೆ. ಈಗ ಅದರ ಮೇಲೆ ಕೋಳಿ ಕೂರ್ತಿತ್ತು.

"ಕಲ್ಲಿನ ಕೆಲ್ಸ ಒರಟು ಪುಟ್ಟಲಿಂಗಣ್ಣ" ಅಂದ್ರು ಸಾಬ್ರು, ನಾನು ಅವರ ಮನೆಗೆ ಹೋಗಿ ಕೇಳಿದಾಗ. "ನನ್ ಕಣ್ಣು ತಿಂದಿದ್ದು ಅದೇ. ರೇಷ್ಮೆ ಮೆತ್ತಗಿನ ಕೆಲ್ಸ. ನನ್ ಮಗಳು ಮೆತ್ತಗಿರೋದ್ರಲ್ಲೇ ಇರ್ಲಿ. ಗುಜರಿ ಶುಕೂರ್‌ಗೆ ಹೇಳಿದ್ದೀನಿ, ಬಂದು ಹೊತ್ಕೊಂಡ್ ಹೋಯ್ತಾನೆ."

ನನಗೆ ನಾಲಿಗೆ ತುದಿಗಂಟ ಬಂತು. ಬಾಗಿಲ ಹತ್ರ ನಿಂತಿದ್ದ ಸಾಬಿರಾ ತಲೆ ಅಲ್ಲಾಡಿಸಿದ್ಲು, ನುಂಗ್ಕೊಂಡೆ. ಹಟ ಹಿಡಿದು ಕೂತೆ. ಕೊನೆಗೆ ಸಾಬ್ರು, "ಸರಿ, ರಂಜಾನ್ ಚಂದ್ರ ಕಾಣೋದ್ರೊಳಗೆ ಅದು ಒಂದು ಕಲ್ಲನ್ನ ಸಮವಾಗಿ ಕುಯ್ಲಿ. ನನ್ ಬೆರಳು ಒಪ್ಪಿದ್ರೆ ಕಲಿಸ್ತೀನಿ. ಇಲ್ದಿದ್ರೆ ಶುಕೂರ್‌ಗೇ" ಅಂದ್ರು. ಕಣ್ಣು ಕಾಣದಿದ್ರೂ ಅವರ ಬೆರಳು ಸಮ ಅಂದ್ರೆ ಸಮ, ಅದರಲ್ಲಿ ಮೋಸ ನಡೆಯಕ್ಕಿಲ್ಲ.

ಮಿಷನ್ನ ನನ್ನ ಅಂಗಡಿಗೆ ಸಾಗಿಸಿ, ಬೇಸಿನ್ ಮಾಲೀಕರನ್ನೆಲ್ಲ ಬೈದು ಕಳಿಸಿ ಕೆಲ್ಸಕ್ಕೆ ಇಳಿದೆ. ತುಕ್ಕು ಕೆರೆದೆ, ಬೇರಿಂಗ್ ಬದಲಾಯಿಸ್ದೆ, ಡೊಂಕಾಗಿದ್ದ ಶಾಫ್ಟನ್ನ ಲೇತಿಗೆ ಕೊಟ್ಟು ನೆಟ್ಟಗೆ ಮಾಡಿಸ್ದೆ, ಫಿಲೇಚರ್‌ನಿಂದ ಬಿಚ್ಚಿಟ್ಟಿದ್ದ ಹಳೇ ಮೋಟ್ರು ಕೂರಿಸ್ದೆ. ಎಲ್ಲ ಚೆಂದಾಗೇ ಆಯ್ತು. ಎಣ್ಣೇಲಿ ಎಡವಿದೆ.

ತೆಳ್ಳಗಿನ ಮಿಷನ್ ಎಣ್ಣೆ ಹಾಕು ಅಂದಿದ್ರು ಸಾಬ್ರು. ನಮ್ಮೂರಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯೋ ಸತ್ತ ಹುಳ ಹಿಂಡಿ ಎಣ್ಣೆ ತೆಗೀತಾರೆ. ಕೈಗೆ ಸಿಕ್ಕಂಗೇ ಐತೆ, ಕಾಸೂ ಕಮ್ಮಿ, ಎಣ್ಣೆ ಅಂದ್ರೆ ಎಣ್ಣೆ ತಾನೇ ಅಂತ ಡಬ್ಬದ ಮೇಲೆ ಡಬ್ಬ ಸುರಿದೆ. ಬೇರೆ ಊರಿನ ಮೆಕ್ಯಾನಿಕ್ಕಿಗೆ ಈ ದಡ್ಡತನ ಮಾಡೋಕೂ ಬರಕ್ಕಿಲ್ಲ. ಅದರ ವಾಸನೆಗೆ ಬೀದಿ ನಾಯಿಗಳೆಲ್ಲ ಬಂದು ಬಾಗಿಲಲ್ಲಿ ಕೂತ್ವು. ಆದ್ರೂ ಚಕ್ರ ತಿರುಗ್ತು, ಒಂದು ಚೂರು ಕಲ್ಲೂ ಕುಯ್ತು. ಮೀಸೆ ತಿರುವ್ಕೊಂಡು ಅಕ್ಕನ ಮನೆ ದೇವರ ಕೆಲ್ಸಕ್ಕೆ ಕುದೂರಿಗೆ ಹೋದೆ.

ವಾರ ಬುಟ್ಟು ಬಂದು ಸ್ವಿಚ್ ಒತ್ತಿದ್ರೆ ಮೋಟ್ರು ಗುಂಯ್ ಅಂತು, ಚಕ್ರ ಅಲ್ಲಾಡ್ಲಿಲ್ಲ. ಹುಳದೆಣ್ಣೆ ಕಲ್ಲುಪುಡಿ ಜೊತೆ ಸೇರಿ ಗೋಂದಿನಂಗೆ ಗಟ್ಟಿಯಾಗಿತ್ತು. ಶಾಫ್ಟು, ಬೇರಿಂಗು, ಹಿಡಿಕೆ ಜಾರೋ ಕಂಬಿ, ಎಲ್ಲ ಕಚ್ಕೊಂಡಿದ್ವು. ಸೀಮೆಎಣ್ಣೆ ಹಾಕ್ದೆ, ಉಳಿ ಹಾಕಿ ಕೆರೆದೆ. ಜಪ್ಪಯ್ಯ ಅನ್ಲಿಲ್ಲ. ಮೋಟ್ರು ಸರಿಯಿಲ್ಲ ಅಂತ ಬೈದೆ. ಕುಣೀಲಾರದೋಳು ನೆಲ ಡೊಂಕು ಅಂದಂಗೆ.

ಚಂದ್ರ ಕಾಣೋಕೆ ಒಂದೇ ದಿನ ಇತ್ತು. ಸಾಬಿರಾ ಬಂದು ಮುಟ್ಟಿ ನೋಡಿದ್ಲು, ಮೂಸಿದ್ಲು.

"ರೇಷ್ಮೆ ಮೇಲಿನ ಅಂಟು ಹೆಂಗ್ ತೆಗೀತಾರಣ್ಣ? ಸೋಪು, ಸೋಡಾ ಹಾಕಿ ಕುದಿಸ್ತಾರೆ. ಇದೂ ಹುಳದ್ದೇ ಅಲ್ವಾ? ಬಿಚ್ಕೊಡು."

ಬಿಚ್ಕೊಟ್ಟೆ. ಅವಳ ಮನೆ ಹಿತ್ಲಲ್ಲಿ ಹಂಡೆ ಇಟ್ಟು ಕುದಿಸಿದ್ಲು. ನೀರು ಕಾಫಿ ಬಣ್ಣಕ್ಕೆ ತಿರುಗ್ತು. ನಾನು ಇಕ್ಕಳ ತರೋಕೆ ಒಳಗೆ ಹೋಗಿ ಬರೋದ್ರೊಳಗೆ ಅವಳು ಬರಿಗೈ ಹಾಕಿ ಬೇರಿಂಗ್ ಒಂದೊಂದಾಗಿ ಎತ್ತಿ ಇಡ್ತಾ ಇದ್ಲು. ಕೊತಕೊತ ಕುದಿಯೋ ನೀರು. ಮುಖ ಕೂಡ ಕಿವುಚ್ಲಿಲ್ಲ.

"ತೆಗೀಯೇ ಕೈಯ!" ಅಂತ ಅರಚಿದೆ.

"ಅಬ್ಬಾಗೆ ಕೇಳಿಸ್ತದೆ, ಮೆತ್ತಗೆ ಮಾತಾಡಣ್ಣ" ಅಂದ್ಲು. ನನ್ ಎಣ್ಣೆ ಜಿಪುಣತನಕ್ಕೆ ಈ ಹುಡುಗಿ ಮತ್ತೆ ಕೈ ಬೇಯಿಸ್ಕೋಬೇಕಾಯ್ತಲ್ಲ ಅಂತ ನನ್ ಮೇಲೆ ನಂಗೇ ಅಸಹ್ಯ ಆಯ್ತು.

ಅಂಟೆಲ್ಲ ಬಿಟ್ಕೊಂಡು ಕಬ್ಬಿಣ ಬೆಳ್ಳಗೆ ಹೊಳೀತಿತ್ತು. ಮತ್ತೆ ಜೋಡಿಸ್ದೆ, ಈ ಸಲ ಸಾಬ್ರು ಹೇಳಿದ ಎಣ್ಣೇನೇ ಹಾಕ್ದೆ. ಮಾರನೇ ದಿನ ಸಾಬ್ರನ್ನ ಕರ್ಕೊಂಡು ಬಂದು ಸ್ಟೂಲಿನ ಮೇಲೆ ಕೂರಿಸಿದ್ವಿ. ಕಬ್ಬಾಳು ಕಡೆ ಹೊಲದಲ್ಲಿ ಸಿಕ್ಕಿದ್ದ ಬೆಣಚುಕಲ್ಲನ್ನ ಸಾಬಿರಾ ಹಿಡಿಕೆಗೆ ಬಿಗಿದ್ಲು. ಚಕ್ರ ಕಲ್ಲಿಗೆ ತಾಕ್ತಿದ್ದಂಗೆ ಸಾಬ್ರು ಕತ್ತು ವಾಲಿಸಿ ಕೇಳ್ತಾ ಕೂತ್ರು. ಸುಮಾರು ಹೊತ್ತಾದ ಮೇಲೆ ಬಿಲ್ಲೆ ಕಳಚಿ ಬಿತ್ತು.

ಸಾಬಿರಾ ಅದನ್ನ ಒರೆಸಿ ಅಪ್ಪನ ಅಂಗೈಯಲ್ಲಿಟ್ಲು. ಎಣ್ಣೆಗೆ ಜಾರ್ತದೆ ಅಂತ ತನ್ನ ಕೈಯನ್ನ ಹಂಗೇ ಕೆಳಗೆ ಹಿಡಿದಿದ್ಲು. ಸಾಬ್ರ ಬೆರಳು ಬಿಲ್ಲೆ ಮೇಲೆ ಹರಿದು, ಅಂಚು ದಾಟಿ ಆ ಕೈ ಮೇಲೆ ಬಂದ್ವು.

"ಪುಟ್ಟಲಿಂಗಣ್ಣ, ನೀನು ಕೈ ತೆಗಿ" ಅಂದ್ರು ನಗ್ತಾ. "ನನ್ ಮಗಳು ಹಿಡ್ಕೊಳ್ಲಿ."

ನಾನು ಮೋಟ್ರಿನ ಹತ್ರ ದೂರದಲ್ಲಿದ್ದೆ.

"ಅಬ್ಬಾ, ನಾನೇ" ಅಂದ್ಲು ಸಾಬಿರಾ.

ಸಾಬ್ರ ನಗು ನಿಂತೋಯ್ತು. ಬಿಲ್ಲೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದು ಸಮ ಐತೋ ಡೊಂಕೋ ಅಂತ ಆಮೇಲೆ ಯಾರೂ ಕೇಳ್ಲಿಲ್ಲ. ಅವರು ಮಗಳ ಎರಡೂ ಕೈ ಹಿಡ್ಕೊಂಡು ಒಂದೊಂದೇ ಬೆರಳು ತಡವಿದ್ರು. ಆ ಬೆರಳುಗಳನ್ನ ಕಣ್ಣಿಗೆ ಒತ್ಕೊಂಡು ಅತ್ರು. ನಾನೂ ಅತ್ತೆ, ಹೇಳ್ಕೊಳ್ಳೋಕೆ ನಾಚ್ಕೆ ಏನಿಲ್ಲ.

"ಮೆತ್ತಗಿನ ಕೆಲ್ಸ ಅಂತಿದ್ನಲ್ಲ ಬೇಟಿ" ಅಂದ್ರು. ಆಮೇಲೆ ಸ್ಟೂಲಿಂದ ಎದ್ದು, ತಡಕಾಡಿ ಅವಳ ಭುಜ ಹಿಡಿದು ಅದರ ಮೇಲೆ ಕೂರಿಸಿದ್ರು. "ನಾಳೆಯಿಂದ ಬೇಸಿನ್ನಿಗೆ ಹೋಗ್ಬೇಡ. ನಿನ್ ಬೆರಳಿಗೆ ತಿಳೀದಿದ್ರೆ ನನ್ ಬೆರಳು ಅವೆ. ಇನ್ನೊಂದು ಕಲ್ಲು ಕಟ್ಟು. ಅವಸರ ಮಾಡ್ಬೇಡ, ಮೊದ್ಲು ಕಲ್ಲಿನ ಬಿರುಕು ಯಾವ ಕಡೆ ಓಡ್ತದೆ ನೋಡ್ಕೋ."